ಖಜಾನೆ ಬರಿದಾದಾಗ ಮನೆಗಳಿಗೆ ಏನಾಗುತ್ತದೆ? 1975ರ ನ್ಯೂಯಾರ್ಕಿನ ಕಥೆ



ನಗರದ ಹಣಕಾಸು ಎಂದ ಕೂಡಲೇ ನಾವು ಕೋಟಿಗಳನ್ನು ಎಣಿಸತೊಡಗುತ್ತೇವೆ. ಇಂದು ನಾನು ಮನೆಗಳನ್ನು, ಅಗ್ನಿಶಾಮಕ ಠಾಣೆಗಳನ್ನು, ಕಾಲೇಜುಗಳನ್ನು ಎಣಿಸಬೇಕೆಂದಿದ್ದೇನೆ. ಅದಕ್ಕಾಗಿ ಆಯ್ದುಕೊಂಡದ್ದು ಐವತ್ತು ವರ್ಷಗಳ ಹಿಂದಿನ ನ್ಯೂಯಾರ್ಕನ್ನು. ಜಗತ್ತಿನ ಹಣದ ಪೇಟೆಯೇ ತನ್ನೊಳಗಿರುವ ನಗರವೊಂದು ಸಾಲ ತೀರಿಸಲಾಗದೆ ನಿಂತಾಗ ಯಾರ ಮನೆ ಉಳಿಯಿತು, ಯಾರದು ಸುಟ್ಟುಹೋಯಿತು ಎಂಬುದು ಅಲ್ಲಿ ಬೀದಿ ಬೀದಿಯ ಮಟ್ಟದಲ್ಲಿ ದಾಖಲಾಗಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳು ನಗರ ಬಿಟ್ಟವು. ಅನುಕೂಲಸ್ಥ ಬಿಳಿಯರು ಉಪನಗರಗಳಿಗೆ ಹೊರಟರು, ಅವರ ಬೆನ್ನಿಗೇ ತೆರಿಗೆಯೂ ಹೊರಟಿತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ, ಪೋರ್ಟೊ ರಿಕೊದಿಂದ ಸ್ಪ್ಯಾನಿಷ್ ಮಾತಾಡುವವರು ಕೆಲಸ ಹುಡುಕಿ ಬಂದಾಗ ಕೆಲಸಗಳೇ ಕರಗುತ್ತಿದ್ದವು. ನಗರಕ್ಕೆ ಸ್ವಂತ ಆಸ್ಪತ್ರೆಗಳಿದ್ದವು, 1847ರಿಂದ ಬೋಧನಾ ಶುಲ್ಕವಿಲ್ಲದೆ ನಡೆದುಬಂದ ಉನ್ನತ ಶಿಕ್ಷಣವಿತ್ತು, ಬಡವರ ನೆರವಿನ ವೆಚ್ಚದಲ್ಲೂ ಪಾಲಿತ್ತು. ಆದಾಯ ಸಾಲದೇ ಹೋದಾಗ ಮೇಯರುಗಳು ಅಲ್ಪಾವಧಿ ಸಾಲಪತ್ರ ಮಾರಿ ದಿನ ದೂಡಿದರು. ಸಂಬಳದಂಥ ನಿತ್ಯದ ಖರ್ಚನ್ನು ಬಂಡವಾಳ ವೆಚ್ಚದ ತಲೆಬರಹದಡಿ ತೋರಿಸಿದರು, ಎಂದೂ ವಸೂಲಾಗದ ಬಾಕಿಯನ್ನು ಬರಲಿರುವ ಆದಾಯವೆಂದು ಬರೆದುಕೊಂಡರು. 1975ರ ಹೊತ್ತಿಗೆ ಅಲ್ಪಾವಧಿ ಸಾಲವೇ ಸುಮಾರು 600 ಕೋಟಿ ಡಾಲರ್ ಮುಟ್ಟಿತ್ತು. ಈ ಪತ್ರಗಳನ್ನು ಮಾರಿಸಿ ಲಾಭ ಮಾಡಿಕೊಂಡಿದ್ದ ಬ್ಯಾಂಕುಗಳು ಆ ವಸಂತದಲ್ಲಿ ಕೈ ಎತ್ತಿದವು.

ಒಂದು ಸಂಗತಿಯನ್ನು ಮಾತ್ರ ನಿಧಾನವಾಗಿ ಗಮನಿಸಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ, ನಗರಕ್ಕಿಂತ ಮೊದಲೇ, ಸಾಲ ತೀರಿಸಲಾಗದೆ ಕುಸಿದದ್ದು ಬಡವರಿಗೂ ಮಧ್ಯಮ ವರ್ಗದವರಿಗೂ ಮನೆ ಕಟ್ಟುತ್ತಿದ್ದ ಸಂಸ್ಥೆ, ನ್ಯೂಯಾರ್ಕ್ ರಾಜ್ಯದ ನಗರಾಭಿವೃದ್ಧಿ ನಿಗಮ. 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ವಸತಿ ಸಹಾಯಧನಕ್ಕೆ ತಡೆ ಹಾಕಿದಾಗಲೇ ಅದರ ಬುಡ ಅಲುಗಿತ್ತು. ವಾಷಿಂಗ್ಟನ್ ತನ್ನ ಖರ್ಚು ತಗ್ಗಿಸಿತು, ಆ ಹೊರೆ ರಾಜ್ಯದ ಹೆಗಲಿಗೆ ಬಂತು, ರಾಜ್ಯದಿಂದ ನಗರಕ್ಕೆ, ನಗರದಿಂದ ಬಾಡಿಗೆದಾರನಿಗೆ. ಇಡೀ ಬಿಕ್ಕಟ್ಟು ನಡೆದದ್ದೇ ಹೀಗೆ. ಕೊರತೆಯನ್ನು ಯಾರೂ ನೀಗಲಿಲ್ಲ, ಕೆಳಗಿನವರಿಗೆ ದಾಟಿಸಿದರು. ನಾನಿಂದು ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕದ್ದೆಲ್ಲ ಇದರ ಪುರಾವೆ.

ಮುಂದಿನದು ಪಠ್ಯಪುಸ್ತಕಗಳಲ್ಲಿದೆ. ಜೂನ್‌ನಲ್ಲಿ ರಾಜ್ಯ ಸರ್ಕಾರ ಒಂದು ನೆರವು ನಿಗಮ ಸ್ಥಾಪಿಸಿ, ನಗರದ ಮಾರಾಟ ತೆರಿಗೆಯನ್ನು ಸಾಲ ಕೊಟ್ಟವರ ಭದ್ರತೆಗೆಂದು ಅದರ ಕಡೆಗೆ ತಿರುಗಿಸಿತು. ಸೆಪ್ಟೆಂಬರಿನಲ್ಲಿ ತುರ್ತು ಹಣಕಾಸು ನಿಯಂತ್ರಣ ಮಂಡಳಿ ಬಂತು. ಏಳು ಸದಸ್ಯರ ಆ ಮಂಡಳಿಯಲ್ಲಿ ಮೂವರು ದೊಡ್ಡ ಕಂಪನಿಗಳ ಮುಖ್ಯಸ್ಥರು. ಮೇಯರ್ ಏಬ್ ಬೀಮ್ ಕುರ್ಚಿಯಲ್ಲಿದ್ದರು, ಕೀಲಿಕೈ ಅವರ ಬಳಿ ಇರಲಿಲ್ಲ. ಅಕ್ಟೋಬರಿನಲ್ಲಿ ಅಧ್ಯಕ್ಷ ಫೋರ್ಡ್ ನೆರವು ನಿರಾಕರಿಸಿದರು. ಡಿಸೆಂಬರಿನಲ್ಲಿ ಮನಸ್ಸು ಬದಲಿಸಿ ವರ್ಷಕ್ಕೆ 230 ಕೋಟಿ ಡಾಲರ್‌ವರೆಗೆ ಸಾಲ ಕೊಡುವ ಕಾನೂನಿಗೆ ಸಹಿ ಹಾಕಿದರು. ಅದೇ ಅಕ್ಟೋಬರಿನ 17ರಂದು, ದಿವಾಳಿಗೆ ಕೆಲವೇ ಗಂಟೆ ಉಳಿದಿದ್ದಾಗ ನಗರವನ್ನು ಉಳಿಸಿದ್ದು ಶಾಲಾ ಶಿಕ್ಷಕರ ನಿವೃತ್ತಿ ನಿಧಿಯ 15 ಕೋಟಿ ಡಾಲರ್. ಮೇಷ್ಟ್ರುಗಳ ಪಿಂಚಣಿ ಹಣ!

ಇನ್ನು ಕಡಿತಗಳು. ಜುಲೈ ಮೊದಲ ವಾರದಲ್ಲೇ ಸುಮಾರು ಐದು ಸಾವಿರ ಪೊಲೀಸರನ್ನು ಮನೆಗೆ ಕಳಿಸಿದರು. ಕಸ ತೆಗೆಯುವವರನ್ನು ತೆಗೆದುಹಾಕಿದಾಗ ಅವರು ಮುಷ್ಕರ ಹೂಡಿದರು, ಬೇಸಿಗೆಯ ಬಿಸಿಲಲ್ಲಿ ಕಸ ರಾಶಿಬಿತ್ತು. ಸುರಂಗ ರೈಲಿನ ಟಿಕೆಟ್ 35 ಸೆಂಟ್‌ನಿಂದ 50ಕ್ಕೆ ಏರಿತು. 1976ರಲ್ಲಿ ನಗರ ವಿಶ್ವವಿದ್ಯಾಲಯದಲ್ಲಿ ಶುಲ್ಕ ಬಂತು. ಪ್ರವೇಶದ ಬಾಗಿಲು ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ಮಕ್ಕಳಿಗೆ ಅಗಲವಾಗಿ ತೆರೆದದ್ದು 1970ರಲ್ಲಿ. ಆರೇ ವರ್ಷಗಳಲ್ಲಿ ಆ ಬಾಗಿಲಲ್ಲಿ ಶುಲ್ಕದ ಕೌಂಟರ್ ಕೂತಿತು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ದಕ್ಷಿಣ ಬ್ರಾಂಕ್ಸ್‌ಗೆ ಬರೋಣ. ಐದಾರು ಮಹಡಿಯ ಹಳೆಯ ಬಾಡಿಗೆ ಕಟ್ಟಡಗಳ ಪ್ರದೇಶವದು. ಅಂಥ ಕಟ್ಟಡದ ಮಾಲೀಕನ ಲೆಕ್ಕ ನೋಡಿ. 1973ರ ನಂತರ ಬಾಯ್ಲರಿನ ಎಣ್ಣೆಯ ಬೆಲೆ ಗಗನಕ್ಕೇರಿತು. ಬಾಡಿಗೆದಾರರ ಕೈಯಲ್ಲಿ ಹೆಚ್ಚು ಕೊಡುವ ಶಕ್ತಿಯಿಲ್ಲ. ಕಪ್ಪು ಜನರ ಬಡಾವಣೆ ಎಂದು ಗುರುತು ಹಾಕಿದ ಕಡೆ ಬ್ಯಾಂಕು ರಿಪೇರಿಗೆ ಸಾಲ ಕೊಡುವುದಿಲ್ಲ. ಹಾಗಾಗಿ ಅವನು ಮೊದಲು ರಿಪೇರಿ ನಿಲ್ಲಿಸುತ್ತಾನೆ, ಆಮೇಲೆ ಆಸ್ತಿ ತೆರಿಗೆ. ಬಾಡಿಗೆಯನ್ನು ಮಾತ್ರ ಕೊನೆಯ ತಿಂಗಳವರೆಗೂ ಎತ್ತುತ್ತಾನೆ. ಕೆಲವರು ವಿಮೆಯ ಹಣಕ್ಕೆ ಬೆಂಕಿ ಹಚ್ಚಿಸಿದ್ದೂ ಉಂಟು. ತೆರಿಗೆ ನಿಂತಾಗ ನಗರ ಸೇವೆ ಕಡಿತ ಮಾಡುತ್ತದೆ, ಸೇವೆ ಕಡಿತವಾದ ಬೀದಿಯಿಂದ ಇನ್ನಷ್ಟು ಜನ ಹೊರಡುತ್ತಾರೆ, ಮತ್ತಷ್ಟು ತೆರಿಗೆ ನಿಲ್ಲುತ್ತದೆ.

ಇದೇ ಬೀದಿಗಳಲ್ಲಿ ಅಗ್ನಿಶಾಮಕ ದಳಗಳನ್ನು ಮುಚ್ಚಿದರು. 1972ರಲ್ಲಿ ಶುರುವಾದ ಆ ಕೆಲಸ 1975ರಲ್ಲಿ ಬಿರುಸಾಯಿತು. ಎಲ್ಲಿ ಮುಚ್ಚಬೇಕೆಂದು ಸೂಚಿಸಿದ್ದು ರ‍್ಯಾಂಡ್ ಸಂಸ್ಥೆಯ ಗಣಿತದ ಮಾದರಿಗಳು. ಕರೆ ಬಂದ ಮೇಲೆ ವಾಹನ ತಲುಪಲು ಎಷ್ಟು ನಿಮಿಷ ಎಂಬುದೇ ಅವುಗಳ ಮುಖ್ಯ ಅಳತೆ. ಕಿಕ್ಕಿರಿದ ಬಡ ಬಡಾವಣೆಗಳಲ್ಲಿ ಠಾಣೆಗಳು ಹತ್ತಿರ ಹತ್ತಿರ ಇದ್ದವು, ಆದ್ದರಿಂದ ಕಾಗದದ ಮೇಲೆ ಅವು ಹೆಚ್ಚುವರಿಯಾಗಿ ಕಂಡವು. ಆದರೆ ಒಂದು ದಳ ಬೆಂಕಿ ಆರಿಸುತ್ತಿರುವಾಗಲೇ ಪಕ್ಕದ ಬೀದಿಯಲ್ಲಿ ಇನ್ನೊಂದು ಕಟ್ಟಡ ಹತ್ತಿಕೊಳ್ಳುವ ಬಡಾವಣೆಗಳವು. ಅಲ್ಲಿ ಠಾಣೆಗಳು ಹತ್ತಿರವಿದ್ದದ್ದೇ ಅದಕ್ಕಾಗಿ. ಡೆಬೊರಾ ಮತ್ತು ರಾಡ್ರಿಕ್ ವ್ಯಾಲೇಸ್ ದಂಪತಿ ಈ ಮಾದರಿಗಳ ದೋಷವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1998ರಲ್ಲಿ ಪುಸ್ತಕವಾಗಿ ತಂದರು. ಬೆಂಕಿಯಿಂದ ಚದುರಿದ ಜನರ ಜೊತೆ ರೋಗಗಳೂ ಹೇಗೆ ಹರಡಿದವು ಎಂಬುದನ್ನೂ ಅವರು ತೋರಿಸಿದ್ದಾರೆ. 1970ರಲ್ಲಿ ಬ್ರಾಂಕ್ಸ್‌ನಲ್ಲಿ ಸುಮಾರು 14.7 ಲಕ್ಷ ಜನರಿದ್ದರು, 1980ರ ಜನಗಣತಿಯಲ್ಲಿ 11.7 ಲಕ್ಷ. ಮೂರು ಲಕ್ಷ ಜನ ಹೊರಟುಹೋಗಿದ್ದರು.

ಇದೆಲ್ಲ ಅರಿಯದೆ ಆದದ್ದು ಎಂದುಕೊಳ್ಳಬಹುದು. ಆದರೆ 1976ರಲ್ಲಿ ನಗರದ ವಸತಿ ಇಲಾಖೆಯ ಮುಖ್ಯಸ್ಥ ರೋಜರ್ ಸ್ಟಾರ್ ಅದನ್ನು ನೀತಿಯನ್ನಾಗಿಯೇ ಮುಂದಿಟ್ಟರು. ಕ್ಷೀಣಿಸುತ್ತಿರುವ ಬಡಾವಣೆಗಳಿಂದ ಸೇವೆ ಹಿಂತೆಗೆದು, ಬದುಕುವ ಬಡಾವಣೆಗಳಿಗೆ ಹಣ ಹಾಕೋಣ. ಯೋಜಿತವಾಗಿ ಕುಗ್ಗೋಣ ಎಂಬುದು ಅವರ ವಾದ. ಪ್ರತಿಭಟನೆ ಎದ್ದಿತು, ಆ ವರ್ಷವೇ ಅವರು ಹುದ್ದೆ ಬಿಟ್ಟರು. ಒಬ್ಬ ವಸತಿ ಅಧಿಕಾರಿ ಹೀಗೆ ಯೋಚಿಸಬಲ್ಲನೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಬಡಾವಣೆ ಸಾಯುತ್ತಿದೆ ಎಂದು ಸರ್ಕಾರವೇ ಸಾರಿದರೆ ಅಲ್ಲಿ ಹೊಸ ಕಿಟಕಿ ಹಾಕಿಸುವವರಾದರೂ ಯಾರು?

ಜನ ಸುಮ್ಮನಿರಲಿಲ್ಲ. ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಪ್ರದೇಶದ ನಾರ್ತ್‌ಸೈಡ್‌ನಲ್ಲಿ 212ನೇ ಅಗ್ನಿಶಾಮಕ ದಳವನ್ನು 1975ರ ನವೆಂಬರಿನಲ್ಲಿ ಮುಚ್ಚಲು ಬಂದಾಗ ನೆರೆಹೊರೆಯವರು ಠಾಣೆಯೊಳಗೆ ನುಗ್ಗಿ, ವಾಹನವನ್ನು ಹೊರಗೆ ಬಿಡದೆ, ವರ್ಷಕ್ಕೂ ಮೀರಿ ಅಲ್ಲೇ ಪಾಳಿಯ ಮೇಲೆ ಮಲಗಿ ಅದನ್ನು ಕಾದರು. ಠಾಣೆ ಮತ್ತೆ ತೆರೆಯಿತು. ಬ್ರಾಂಕ್ಸ್‌ನಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಲಿಸುತ್ತಿದ್ದ ಹೋಸ್ಟೋಸ್ ಕಾಲೇಜನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಹೀಗೆಯೇ ಉಳಿಸಿಕೊಂಡರು. ಕೆಲ್ಲಿ ಸ್ಟ್ರೀಟ್‌ನ ನಿವಾಸಿಗಳು 1977ರಲ್ಲಿ, ಕೆಡವಲು ಗೊತ್ತುಮಾಡಿದ್ದ ಕಟ್ಟಡಗಳನ್ನು ತಾವೇ ಹಿಡಿದು ದುರಸ್ತಿ ಮಾಡತೊಡಗಿದರು.

ಹಾಗಾದರೆ ನಗರಕ್ಕೆ ಉಳಿತಾಯವಾಯಿತೆ? 1981ರಲ್ಲಿ ಬಜೆಟ್ ಸರಿದೂಗಿತು, ನಿಜ. ಆದರೆ ಮೂರು ವರ್ಷದ ಬದಲು ಒಂದೇ ವರ್ಷದ ತೆರಿಗೆ ಬಾಕಿಗೆ ಕಟ್ಟಡ ಜಪ್ತಿ ಮಾಡುವ ಕಾನೂನನ್ನು ನಗರ 1976ರಲ್ಲಿ ತಂದಿತ್ತು. ತೆರಿಗೆ ಹರಿದುಬರಲಿ ಎಂಬುದು ಅದರ ಆಸೆ. ಮಾಲೀಕರು ತೆರಿಗೆ ಕಟ್ಟುವ ಬದಲು ಕಟ್ಟಡವನ್ನೇ ಕೈಬಿಟ್ಟರು, ನೀರು ಸೋರುವ ಸಾವಿರಾರು ಕಟ್ಟಡಗಳಿಗೆ ನಗರವೇ ಮಾಲೀಕನಾಯಿತು. ಸೂರಿಲ್ಲದವರ ಸಂಖ್ಯೆ ಬೆಳೆದು, ಮೊಕದ್ದಮೆ ನಡೆದು, ಅವರಿಗೆ ಆಶ್ರಯ ಕೊಡುವ ಕಟ್ಟುಪಾಡು 1981ರಲ್ಲಿ ನಗರದ ಮೇಲೆ ಬಂತು. 1986ರಲ್ಲಿ ಮೇಯರ್ ಎಡ್ ಕೋಚ್ ಹತ್ತು ವರ್ಷಗಳ ವಸತಿ ಯೋಜನೆ ಪ್ರಕಟಿಸಿದರು. ಅದರ ಗಾತ್ರ ಬೆಳೆಯುತ್ತಾ 500 ಕೋಟಿ ಡಾಲರ್ ದಾಟಿತು. ಠಾಣೆ ಮುಚ್ಚಿ ಉಳಿಸಿದ ಹಣದ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಬೇಕು. ಬಜೆಟ್ ಪುಸ್ತಕದಲ್ಲಿ ಇವೆರಡೂ ಒಂದೇ ಪುಟದಲ್ಲಿ ಬರುವುದಿಲ್ಲ, ಒಂದೇ ದಶಕದಲ್ಲಿಯೂ ಬರುವುದಿಲ್ಲ.

ಬೆಂಗಳೂರು ನ್ಯೂಯಾರ್ಕ್ ಅಲ್ಲ. ನಮ್ಮ ಪಾಲಿಕೆಗಳಿಗೆ ಅಷ್ಟು ಸಾಲ ಎತ್ತುವ ಸ್ವಾತಂತ್ರ್ಯವೂ ಇಲ್ಲ, ಅಷ್ಟು ಹೊಣೆಯೂ ಇಲ್ಲ. ಆದರೂ ಮೇಯೋ ಹಾಲ್, ಕೆ.ಆರ್. ಮಾರುಕಟ್ಟೆಯಂಥ ಸಾರ್ವಜನಿಕ ಆಸ್ತಿಗಳನ್ನು ಅಡವಿಟ್ಟು ಪಾಲಿಕೆ ಸಾಲ ತಂದದ್ದನ್ನು ನಾವು ಕಂಡಿದ್ದೇವೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆಯೇ ಬಜೆಟ್‌ಗಳು ಬಂದದ್ದನ್ನೂ ಕಂಡಿದ್ದೇವೆ. ನಿಯಂತ್ರಣ ಮಂಡಳಿಯ ಕಥೆ ನಮಗೆ ತೀರ ದೂರದ್ದೇನಲ್ಲ.

ಹಾಗಾಗಿ ಪೌರಾಡಳಿತ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ನಗರಸಭೆಯ ಬಜೆಟ್ ಪ್ರತಿ ಕೈಗೆ ಬಂದಾಗ ಒಟ್ಟು ಮೊತ್ತ ನೋಡಿ ಮುಚ್ಚಿಡಬೇಡಿ. ಹಿಂದಿನ ವರ್ಷಕ್ಕಿಂತ ಕಡಿಮೆಯಾದ ಬಾಬ್ತುಗಳನ್ನು ಗುರುತು ಹಾಕಿಕೊಳ್ಳಿ, ಆ ಕಡಿತ ಯಾವ ಯಾವ ವಾರ್ಡಿನ ನಲ್ಲಿ, ಬೀದಿದೀಪ, ಆರೋಗ್ಯ ಕೇಂದ್ರಗಳಿಗೆ ಬಿತ್ತೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ವಾರ್ಡುವಾರು ಪಟ್ಟಿ ಸಿಗುವವರೆಗೂ ಬಿಡಬೇಡಿ. ಸಿಕ್ಕ ಮೇಲೆ ಆ ವಾರ್ಡುಗಳಿಗೆ ಹೋಗಿ ಅಲ್ಲಿಯವರಿಗೆ ಓದಿ ಹೇಳಿ.