ಮುಳುಗಿದ ಹಡಗು, ರದ್ದಿಗೆ ಹೋದ ಕಡತ

ಬಸ್ಸಲ್ಲಿ ಕೂತು ಕೇಳ್ತಿರೋರಿಗೂ, ತೋಟದಲ್ಲಿ ಮೋಟರ್ ಆನ್ ಮಾಡಿ ಕರೆಂಟ್ ಹೋಗೋ ತನಕ ಕೇಳ್ತಿರೋರಿಗೂ ನಮಸ್ಕಾರ. ನಾನು ಮಾತಾಡ್ತಿರೋದು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಿಂದ. ಸುತ್ತ ಭತ್ತ, ಅಡಿಕೆ, ಭದ್ರಾ ನಾಲೆ. ಸಮುದ್ರ ನೋಡಬೇಕಂದ್ರೆ ಶಿವಮೊಗ್ಗ ದಾಟಿ, ಹೊಸನಗರ ದಾಟಿ, ಘಾಟಿ ಇಳಿಬೇಕು. ಇಂಥ ಊರಲ್ಲಿ ಕೂತು ಇವತ್ತು ಮಲಯ ಸಮುದ್ರದಲ್ಲಿ ಮುಳುಗಿದ ಡಚ್ ಹಡಗುಗಳ ಬಗ್ಗೆ ಮಾತಾಡ್ತೀನಿ. ಯಾಕೆ ಅನ್ನೋದು ಮಧ್ಯದಲ್ಲಿ ಬರುತ್ತೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ತಾತ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ರು. ಗಿರಣಿ ಮುಚ್ಚಿದ ಮೇಲೆ ಲೆಕ್ಕದ ಪುಸ್ತಕಗಳು ನಮ್ಮನೆ ಅಟ್ಟಕ್ಕೆ ಬಂದವು. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಪುಟ. ಯಾರ ಗಾಡಿ, ಎಷ್ಟು ಚೀಲ, ಎಷ್ಟು ಕೂಲಿ, ಎಲ್ಲಾ ಅದರಲ್ಲಿ. ತಾತ ತೀರಿಕೊಂಡ ಮೂರು ವರ್ಷಕ್ಕೆ ಮನೆಗೆ ಸುಣ್ಣಬಣ್ಣ ಮಾಡಿಸಿದ್ವಿ. ಅಟ್ಟ ಖಾಲಿ ಮಾಡೋ ಕೆಲಸ ನನ್ನದು. ಕೆಜಿಗೆ ಹನ್ನೆರಡು ರೂಪಾಯಿ ಅಂದ ರದ್ದಿಯವನು. ನಾನೇ ಚೌಕಾಸಿ ಮಾಡಿ ಹದಿಮೂರಕ್ಕೆ ಏರಿಸಿದೆ. ಖುಷಿಯಾಗಿತ್ತು ಆವತ್ತು. ಬಂದ ದುಡ್ಡಲ್ಲಿ ಡೇಟಾ ಪ್ಯಾಕ್ ಹಾಕಿಸಿಕೊಂಡೆ.

ಅದೇ ಡೇಟಾದಲ್ಲಿ ಒಂದು ರಾತ್ರಿ, ಹಡಗು ಮುಳುಗೋ ವಿಡಿಯೋಗಳನ್ನ ನೋಡ್ತಾ ನೋಡ್ತಾ ಒಂದು ಹೆಸರು ಸಿಕ್ತು. ಗೆಲ್ಡರ್‌ಮಾಲ್ಸೆನ್. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗು. ಆ ಕಂಪನಿಯನ್ನ ಅವರ ಭಾಷೆಯಲ್ಲಿ ವಿಓಸಿ ಅಂತಾರೆ, 1602ರಲ್ಲಿ ಶುರುವಾದದ್ದು. ಈ ಹಡಗು 1751ರ ಡಿಸೆಂಬರ್‌ನಲ್ಲಿ ಚೀನಾದ ಕ್ಯಾಂಟನ್ ಬಂದರಿಂದ ಹೊರಟು ಹಾಲೆಂಡ್‌ಗೆ ಹೋಗ್ತಿತ್ತು. 6.8 ಲಕ್ಷ ಪೌಂಡ್‌ಗೂ ಹೆಚ್ಚು ಚಹಾ, ಅದರ ಕೆಳಗೆ ಪಿಂಗಾಣಿ, ಜೊತೆಗೆ ಚಿನ್ನ. 1752ರ ಜನವರಿ 3ನೇ ತಾರೀಕು ಸಂಜೆ, ಇವತ್ತಿನ ಸಿಂಗಾಪುರದ ಹತ್ತಿರದ ಬಿಂತಾನ್ ದ್ವೀಪದ ಆಚೆ, ಬಂಡೆಗೆ ಬಡಿದು ಮುಳುಗಿತು. ಹಡಗಲ್ಲಿದ್ದೋರು 112 ಜನ. ಬದುಕಿ ಎರಡು ದೋಣಿಯಲ್ಲಿ ಬಟಾವಿಯಾ, ಅಂದ್ರೆ ಇವತ್ತಿನ ಜಕಾರ್ತಾ, ಸೇರಿಕೊಂಡೋರು 32 ಮಂದಿ.

ಈಗ ಕೇಳಿ. ಬದುಕಿ ಬಂದವರಲ್ಲಿ ಒಬ್ಬ ಬೋಟ್‌ಸ್ವೇನ್ ಇದ್ದ. ಡೆಕ್ಕಿನ ಮೇಲಿನ ಆಳುಗಳ ಮೇಸ್ತ್ರಿ ಅಂತಿಟ್ಕೊಳ್ಳಿ. ಕಂಪನಿಯವರು ಅವನನ್ನ ಕೂರಿಸಿಕೊಂಡು ಕೇಳಿದ್ದು ಸತ್ತ ಎಂಬತ್ತು ಜನರ ವಿಚಾರಕ್ಕಿಂತ ಹೆಚ್ಚಾಗಿ ಚಿನ್ನದ ವಿಚಾರ. ಎಲ್ಲಿ ಚಿನ್ನ? ನೀನು ದೋಣಿಗೆ ಹಾಕ್ಕೊಂಡು ಬಂದು ಎಲ್ಲಾದ್ರೂ ಬಚ್ಚಿಟ್ಟಿಲ್ಲ ತಾನೇ? ಇಲ್ಲ, ಹಡಗಿನ ಜೊತೆಗೇ ಮುಳುಗಿತು ಅಂದ. ಅನುಮಾನ ಹೋಗಲಿಲ್ಲ. ಆ ವಿಚಾರಣೆಯನ್ನ ಬರೆದಿಟ್ರು. ಕಂಪನಿ ಎಲ್ಲವನ್ನೂ ಬರೆದಿಡ್ತಿತ್ತು.

ಆಮೇಲೆ 1985ರಲ್ಲಿ ಮೈಕಲ್ ಹ್ಯಾಚರ್ ಅನ್ನೋ ಮುಳುಗುಗಾರ ಆ ಜಾಗ ಹುಡುಕಿದ. ಒಂದೂವರೆ ಲಕ್ಷದಷ್ಟು ಪಿಂಗಾಣಿ ಮೇಲೆ ಬಂತು. ಮೇಲಿದ್ದ ಚಹಾವೇ ಮೆತ್ತೆ ಥರ ಅದನ್ನ ಇಷ್ಟು ವರ್ಷ ಕಾಪಾಡಿತ್ತು. ಜೊತೆಗೆ 125 ಚಿನ್ನದ ಗಟ್ಟಿಗಳು. ಅಂದ್ರೆ ಬೋಟ್‌ಸ್ವೇನ್ ಹೇಳಿದ್ದು ನಿಜ. 233 ವರ್ಷ ಆದಮೇಲೆ ಅವನು ಕಳ್ಳ ಅಲ್ಲ ಅಂತ ಸಾಬೀತಾಯ್ತು.

ಇದನ್ನ ಓದಿದಾಗ ನಂಗೆ ಮೈ ಜುಂ ಅಂತು. ಒಂದು ಕಡೆ ನೆಲದಡಿಯ, ಅಲ್ಲ ನೀರಡಿಯ ವಸ್ತು. ಇನ್ನೊಂದು ಕಡೆ ಕಾಗದ. ಬರೀ ಚಿನ್ನ ಸಿಕ್ಕಿದ್ರೆ ಅದು ಚಿನ್ನ ಅಷ್ಟೇ, ಅವನ ಕತೆ ಗೊತ್ತಾಗ್ತಿರಲಿಲ್ಲ. ಬರೀ ಕಾಗದ ಇದ್ದಿದ್ರೆ ಅವನು ಇವತ್ತಿಗೂ ಅನುಮಾನದಲ್ಲೇ ಇರ್ತಿದ್ದ. ಕ್ರಿಸ್ಟಿಯಾನ್ ಯೋರ್ಗ್ ಅನ್ನೋ ಡಚ್ ಪಿಂಗಾಣಿ ತಜ್ಞರು ಆ ಕಾಗದಗಳನ್ನೂ ಈ ತಟ್ಟೆ ಬಟ್ಟಲುಗಳನ್ನೂ ಹೊಂದಿಸಿ 1986ರಲ್ಲಿ ಈ ಹಡಗಿನ ಮೇಲೇ ಒಂದು ಪುಸ್ತಕ ಬರೆದ್ರು. ಹಡಗು ಒಡೆದ ಕತೆಗಳನ್ನ ಓದೋ ಆಸೆ ಇರೋರಿಗೆ ನಾನು ಮೊದಲು ಹೇಳೋದು ಆ ಪುಸ್ತಕವನ್ನೇ.

ಆದ್ರೆ ಕತೆಯ ಇನ್ನೊಂದು ಭಾಗ ಅಷ್ಟು ಚೆನ್ನಾಗಿಲ್ಲ. ಹ್ಯಾಚರ್‌ಗೆ ಬೇಕಾಗಿದ್ದು ಸರಕು. ಯಾವ ಪೆಟ್ಟಿಗೆ ಎಲ್ಲಿತ್ತು, ಯಾವುದರ ಪಕ್ಕ ಯಾವುದಿತ್ತು, ಹಡಗಿನ ಮರ ಹೇಗೆ ಕೂತಿತ್ತು ಅನ್ನೋದನ್ನ ಪುರಾತತ್ವದವರು ಮಾಡೋ ಹಾಗೆ ದಾಖಲೆ ಮಾಡಲೇ ಇಲ್ಲ. 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರಿಸ್ಟೀಸ್‌ನವರ ಹರಾಜು. ನಾನ್‌ಕಿಂಗ್ ಕಾರ್ಗೋ ಅಂತ ಹೆಸರಿಟ್ಟು ಮಾರಿದ್ರು. ಇಂಡೋನೇಷ್ಯಾ ತನ್ನ ಇಬ್ಬರು ತಜ್ಞರನ್ನ ದುಡ್ಡು ಕೊಟ್ಟು ಆ ಹರಾಜಿಗೆ ಕಳಿಸಿತ್ತು. ಬೆಲೆ ಏರಿದ ರೀತಿಗೆ ಒಂದು ಬಟ್ಟಲನ್ನೂ ಕೊಳ್ಳೋಕಾಗದೆ ವಾಪಸ್ಸು ಬಂದ್ರು. ತಮ್ಮ ಬಾಗಿಲ ಮುಂದೆ ಮುಳುಗಿದ್ದ ಹಡಗಿನ ಸಾಮಾನು! ಡಚ್ ಸರ್ಕಾರಕ್ಕೆ ಮಾತ್ರ, ಹಳೇ ಕಂಪನಿಯ ವಾರಸುದಾರ ಅನ್ನೋ ಲೆಕ್ಕದಲ್ಲಿ, ಪಾಲು ಹೋಯ್ತು.

ನಾನು ಅಟ್ಟದ ನೆನಪಾಗಿ ಫೋನ್ ಪಕ್ಕಕ್ಕಿಟ್ಟೆ. ಹ್ಯಾಚರ್‌ಗಾದ್ರೂ ಲಕ್ಷಗಟ್ಟಲೆ ಪೌಂಡ್ ಸಿಕ್ತು. ನಾನು ಮಾರಿದ್ದು ಹದಿಮೂರು ರೂಪಾಯಿಗೆ.

ಎಲ್ಲಾ ಹಡಗಿನ ಗತಿಯೂ ಹೀಗಾಗಿಲ್ಲ ಅನ್ನೋದನ್ನೂ ಹೇಳಬೇಕು. 1606ರ ಆಗಸ್ಟ್‌ನಲ್ಲಿ ಮಲಾಕ್ಕಾ ಹತ್ತಿರ ಡಚ್ಚರಿಗೂ ಪೋರ್ಚುಗೀಸರಿಗೂ ಒಂದು ದೊಡ್ಡ ಕಡಲ ಕಾಳಗ ನಡೀತು. ಎರಡು ಕಡೆ ಎರಡೆರಡು ಹಡಗು ಮುಳುಗಿದವು. ಅದರಲ್ಲಿ ಒಂದು ನಸ್ಸಾವ್. ಮಲೇಷ್ಯಾದ ಪೋರ್ಟ್ ಡಿಕ್ಸನ್ ಹತ್ತಿರ ಅದು ಸಿಕ್ಕಾಗ, 1995ರಲ್ಲಿ ಅಲ್ಲಿನ ಮ್ಯೂಸಿಯಂ ಇಲಾಖೆಯವರು ಪುರಾತತ್ವದವರನ್ನ ಜೊತೆಗಿಟ್ಟುಕೊಂಡು ನಿಧಾನವಾಗಿ ಉತ್ಖನನ ಮಾಡಿಸಿದ್ರು. ಆ ಹಡಗಿನ ಫಿರಂಗಿಗಳು ಆ ದೇಶದಲ್ಲೇ ಇವೆ, ಹೋಗಿ ನೋಡಬಹುದು.

ಸರಿ, ಇದಕ್ಕೂ ಚನ್ನಗಿರಿಗೂ ಏನು ಸಂಬಂಧ? ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ಪುಸ್ತಕ ಇನ್ನೊಂದಕ್ಕೆ ಕೈ ಹಿಡಿದು ಕರ್ಕೊಂಡು ಹೋಗುತ್ತಲ್ಲ, ಹಾಗೆ ಲಿನ್‌ಸ್ಕೋಟೆನ್ ಸಿಕ್ಕಿದ. ಇವನು ಡಚ್ಚ, ಆದ್ರೆ 1583ರಲ್ಲಿ ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪ್‌ಗೆ ಕಾರ್ಯದರ್ಶಿಯಾಗಿ ಬಂದ. ಐದು ವರ್ಷ ಗೋವಾದಲ್ಲಿ ಕೂತು ಪೋರ್ಚುಗೀಸರ ಹಡಗು ಮಾರ್ಗದ ಟಿಪ್ಪಣಿಗಳನ್ನೆಲ್ಲಾ ನಕಲು ಮಾಡ್ಕೊಂಡ. ಊರಿಗೆ ಹೋಗಿ ಅಚ್ಚು ಹಾಕಿಸಿದ. ಮಲಾಕ್ಕಾದಲ್ಲಿ ಪೋರ್ಚುಗೀಸರ ಕೋಟೆ ಇದೆ, ಆ ಕಡೆ ಹೋಗದೆ ಸುಂದಾ ಜಲಸಂಧಿಯ ದಾರಿ ಹಿಡಿದು ಜಾವಾಕ್ಕೆ ಹೋಗಿ ಅನ್ನೋ ಸುಳಿವು ಅವನದೇ. 1596ರಲ್ಲಿ ಮೊದಲ ಡಚ್ ಹಡಗುಗಳು ಜಾವಾ ಮುಟ್ಟಿದವು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಕಂಪನಿಯ ಡೇಟಾ ಲೀಕ್ ಮಾಡಿದ ಆಫೀಸ್ ಸಿಬ್ಬಂದಿ ಅವನು. ಆ ಲೀಕ್ ಆದದ್ದು ಕಾರವಾರದಿಂದ ಎರಡು ಮೂರು ಗಂಟೆ ದಾರಿಯ ಗೋವಾದಲ್ಲಿ.

ಅವನ ಪುಸ್ತಕದ ಇಂಗ್ಲಿಷ್ ಆವೃತ್ತಿ 1885ರದು, ಫ್ರೀಯಾಗಿ ಫೋನಲ್ಲೇ ಸಿಗುತ್ತೆ. ಅದರ ಮೊದಲ ಸಂಪುಟ ಸಿದ್ಧ ಮಾಡಿದವನು ಎ.ಸಿ. ಬರ್ನೆಲ್, ತುಳುನಾಡಿನ ಭೂತಾರಾಧನೆ ಬಗ್ಗೆ ಬರೆದ ಅದೇ ಬರ್ನೆಲ್. ಅದರಲ್ಲಿ ಹೊನ್ನಾವರ, ಬಾರ್ಸಲೋರ್, ಮಂಗಳೂರು ಬರ್ತವೆ. ಅಲ್ಲಿಂದ ಅಕ್ಕಿ, ಮೆಣಸು ಹೋಗೋ ವಿಚಾರ ಬರುತ್ತೆ. ಬಾರ್ಸಲೋರ್ ಅಂದ್ರೆ ನಮ್ಮ ಬಸ್ರೂರು ಕಣ್ರಿ, ಕುಂದಾಪುರದ ಹತ್ತಿರದ್ದು.

ಅಲ್ಲಿಂದ ನಂಗೆ ಹುಚ್ಚು ಹಿಡೀತು. ಸಂಜಯ್ ಸುಬ್ರಹ್ಮಣ್ಯಂ ಅವರ 1990ರ ಪುಸ್ತಕ ಒಂದಿದೆ, ದಕ್ಷಿಣ ಭಾರತದ ವ್ಯಾಪಾರದ ಮೇಲೆ, 1500ರಿಂದ 1650ರವರೆಗೆ. ಓದೋಕೆ ಕಷ್ಟ, ಸುಳ್ಳು ಹೇಳಲ್ಲ, ಕೆಲವು ಪುಟ ಮೂರು ಸಲ ಓದಿದೀನಿ. ಆದ್ರೆ ಕೆನರಾದ ಅಕ್ಕಿ ಗೋವಾಕ್ಕೆ, ಮಲಬಾರಿಗೆ, ಮಸ್ಕತ್ತಿಗೆ ಹೋಗ್ತಿದ್ದ ಚಿತ್ರ ಅದರಲ್ಲಿ ಸಿಗುತ್ತೆ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನ ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರಿನಿಂದ ಓಡಿಸಿದ್ದು ಸುಮ್ಮನೆ ಶೌರ್ಯಕ್ಕಲ್ಲ, ಆ ಅಕ್ಕಿ ಮೆಣಸಿನ ದುಡ್ಡು ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಅದು. ಆಮೇಲೆ ಡಚ್ಚರು ಬಂದ್ರು. 1663ರಲ್ಲಿ ಕೊಚ್ಚಿ ಹಿಡಿದಿದ್ರು, ಅಲ್ಲಿನ ಸಿಪಾಯಿಗಳಿಗೆ ಅನ್ನ ಬೇಕಲ್ಲ. 1667ರಿಂದ 1682ರವರೆಗೆ ಬಸ್ರೂರಲ್ಲಿ ಅವರದೊಂದು ವ್ಯಾಪಾರದ ಮನೆ ಇತ್ತು. ಆ ಹದಿನೈದು ವರ್ಷದಲ್ಲಿ ಹೆಚ್ಚು ಕಾಲ ಕೆಳದಿ ಗದ್ದುಗೆ ಮೇಲಿದ್ದವಳು ಚೆನ್ನಮ್ಮ. ನಮ್ಮ ಚನ್ನಗಿರಿಗೆ ಹೆಸರು ಬಂದದ್ದು ಅವಳಿಂದಲೇ ಅಂತ ಹೇಳ್ತಾರಲ್ಲ, ಅದೇ ಚೆನ್ನಮ್ಮ.

ನಾವು ಶಾಲೆಯಲ್ಲಿ ಚೆನ್ನಮ್ಮನ್ನ ಓದಿದ್ದು ರಾಜಾರಾಮನಿಗೆ ಆಶ್ರಯ ಕೊಟ್ಟವಳು, ಔರಂಗಜೇಬನ ಸೈನ್ಯ ಎದುರಿಸಿದವಳು ಅಂತ. ಬಂದರಿನ ವ್ಯಾಪಾರ ನೋಡ್ಕೋತಿದ್ದ ರಾಣಿ ಅಂತ ಯಾರೂ ಹೇಳಲಿಲ್ಲ. ಹಾಗಂತ ನಮ್ಮೂರ ಅಕ್ಕಿ ಬಟಾವಿಯಾಕ್ಕೆ ಹೋಯ್ತು ಅಂತ ನಾನು ರೀಲು ಬಿಡಲ್ಲ. ಆಗ ಭದ್ರಾ ನಾಲೆನೇ ಇರಲಿಲ್ಲ, ಅದು ಬಂದದ್ದು ಸ್ವಾತಂತ್ರ್ಯದ ಮೇಲೆ. ಹೋಗ್ತಿದ್ದ ಅಕ್ಕಿ ಬಹುಪಾಲು ಘಟ್ಟದ ಕೆಳಗಿನದು. ಆದ್ರೆ ಒಂದೇ ರಾಜ್ಯ, ಒಂದೇ ಖಜಾನೆ.

ಈಗ ನನ್ನ ಹೊಟ್ಟೆಯುರಿ ಏನಂದ್ರೆ, ಬಸ್ರೂರಿನ ಆ ದಿನಗಳ ಲೆಕ್ಕ ಎಲ್ಲಿದೆ? ಹಾಲೆಂಡ್‌ನ ಹೇಗ್ ನಗರದಲ್ಲಿ. ಕಂಪನಿಯ ಕಾಗದಗಳನ್ನ ಸಾಲಾಗಿ ಜೋಡಿಸಿದ್ರೆ ಸುಮಾರು 1.2 ಕಿಲೋಮೀಟರ್ ಉದ್ದ ಆಗುತ್ತಂತೆ. ಯುನೆಸ್ಕೋ 2003ರಲ್ಲಿ ಅದನ್ನ ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ಬರೆದಿಟ್ಟೋರು ನಮ್ಮ ಮೇಲಿನ ಪ್ರೀತಿಗೆ ಬರೆದಿಡಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೂತ ಯಜಮಾನರಿಗೆ ಲಾಭ ನಷ್ಟ ಗೊತ್ತಾಗಬೇಕಿತ್ತು, ಅದಕ್ಕೆ ಬರೆದ್ರು. ಅವರ ಕಣ್ಣಿಗೆ ಬಿದ್ದಷ್ಟೇ ಅಲ್ಲಿದೆ. ಎಷ್ಟು ಅಕ್ಕಿ, ಯಾವ ಬೆಲೆ ಅನ್ನೋದು ಇರುತ್ತೆ. ಗದ್ದೆ ನಾಟಿ ಮಾಡಿದ ಹೆಂಗಸಿನ ಹೆಸರು ಇರಲ್ಲ.

ಒಂದು ಒಳ್ಳೆ ಸುದ್ದಿನೂ ಇದೆ. ಅದರಲ್ಲಿ ಸುಮಾರು 50 ಲಕ್ಷ ಪುಟಗಳನ್ನ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಿಂದ ಕೈಬರಹ ಓದಿಸಿ, ಯಾರು ಬೇಕಾದ್ರೂ ಹುಡುಕೋ ಹಾಗೆ ಮಾಡ್ತಿದ್ದಾರೆ. ಗ್ಲೋಬಲೈಸ್ ಅಂತ ಆ ಯೋಜನೆಯ ಹೆಸರು. ನಾನು ಹುಡುಕಿ ನೋಡಿದೆ. ಬಸ್ರೂರು ಅಂತ ಹೊಡೆದ್ರೆ ಬರಲ್ಲ, ಬಾರ್ಸಲೋರ್, ಬಾರ್ಸೆಲೂರ್ ಅಂತ ಅವರ ನಾಲಿಗೆ ಹೊರಳಿದ ಹಾಗೆಲ್ಲಾ ಹೊಡೀಬೇಕು. ಪುಟ ತೆರೆದ್ರೆ ಹಳೇ ಡಚ್, ಒಂದಕ್ಷರ ಅರ್ಥ ಆಗಲ್ಲ. ಅನುವಾದದ ಆ್ಯಪ್‌ಗೆ ಹಾಕಿದ್ರೆ ಅರ್ಧ ಸರಿ, ಅರ್ಧ ತಮಾಷೆ. ಆದ್ರೂ ಆ ಹೆಸರು ಆ ಕೈಬರಹದಲ್ಲಿ ಕಂಡಾಗ ಒಂದು ನಿಮಿಷ ಸುಮ್ಮನೆ ಕೂತೆ. ಡಚ್ ಕಲಿತ ಕನ್ನಡದ ಹುಡುಗ ಹುಡುಗಿ ಒಬ್ಬರಾದ್ರೂ ಕೇಳ್ತಿದ್ರೆ, ದಯವಿಟ್ಟು ಮೆಸೇಜ್ ಮಾಡಿ.

ಅವತ್ತು ರಾತ್ರಿ ಅಜ್ಜಿಗೆ ಇದನ್ನೆಲ್ಲಾ ಹೇಳ್ತಾ ಕೂತಿದ್ದೆ. ಹಡಗು, ಚಿನ್ನ, ಬೋಟ್‌ಸ್ವೇನ್, ಎಲ್ಲಾ. ಅಜ್ಜಿ ಪೂರ್ತಿ ಕೇಳಿ, ಹೊಲಿಗೆ ಮಿಷನ್ನಿನ ಕಾಲಿನ ಕೆಳಗೆ ಕೈ ತೋರಿಸಿದ್ರು. ಮಿಷನ್ ಅಲ್ಲಾಡದೆ ಇರಲಿ ಅಂತ ಕೊಟ್ಟಿದ್ದ ಒಂದು ಕೆಂಪು ರಟ್ಟು. ತಾತನ ಪುಸ್ತಕ, ಒಂದೇ ಒಂದು. 1974ರದು.

ಈಗ ಅದನ್ನ ಒಂದೊಂದೇ ಪುಟ ಫೋನಲ್ಲಿ ಫೋಟೋ ತೆಗೀತಿದೀನಿ. ಬೆಳಿಗ್ಗೆ ಜಗಲಿಯ ಬೆಳಕಲ್ಲಿ ತೆಗೆದ್ರೆ ಚೆನ್ನಾಗಿ ಬರುತ್ತೆ, ಫ್ಲಾಶ್ ಹಾಕಿದ್ರೆ ಮಸಿ ಹೊಳೆಯುತ್ತೆ. ಚೀಲ, ಪಲ್ಲ, ಸೇರು, ಗಾಡಿಯವರ ಹೆಸರು. ಒಂದು ಪುಟದಲ್ಲಿ ಲೆಕ್ಕವೇ ಇಲ್ಲ, ರಾತ್ರಿ ಮಳೆ, ನಾಲೆ ಏರಿ ಒಡೆದಿದೆ, ಗಾಡಿ ಬರಲಿಲ್ಲ ಅಂತಷ್ಟೇ ಇದೆ. ಕೆಲವು ಹೆಸರಿನ ಮುಂದೆ ಸೊನ್ನೆ ಸುತ್ತಿ ಅದರ ಮೇಲೊಂದು ಅಡ್ಡಗೆರೆ ಎಳೆದಿದ್ದಾರೆ. ಅದೇನು ಅಂತ ನಂಗೆ ಗೊತ್ತಾಗಲಿಲ್ಲ. ಅಜ್ಜಿ ನೋಡಿದ ಕೂಡಲೇ ನಕ್ಕರು. ಸಾಲ ತಗೊಂಡು ವಾಪಸ್ಸು ಕೊಡದವರ ಗುರುತಂತೆ. ಇಲ್ಲಿತನಕ ಎಣಿಸಿದ್ದು 23 ಸಿಕ್ಕಿದೆ. ಹೆಸರು ಹೇಳಲ್ಲ. ಅದರಲ್ಲಿ ಇಬ್ಬರ ಮೊಮ್ಮಕ್ಕಳು ಈ ಪಾಡ್‌ಕಾಸ್ಟ್ ತಪ್ಪದೆ ಕೇಳ್ತಾರೆ.