ಭೂಮಿ ಹಂಚಿಯಾಯಿತು, ಕೊಳಗ ಯಾರ ಕೈಯಲ್ಲಿ?

(ಬ್ರಹ್ಮಾವರದಲ್ಲಿ ಕುಂದಾಪುರ, ಬೈಂದೂರು ಕಡೆಯ ರೈತರೂ ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣ)



ಮಾರ್ಕ್ಸ್‌ವಾದ, ಸಂಪತ್ತಿನ ಹಂಚಿಕೆ ಎಂದ ಕೂಡಲೇ ನಮ್ಮಲ್ಲಿ ಅರ್ಧ ಜನರಿಗೆ ಪಹಣಿ ಪತ್ರ ಎಲ್ಲಿಟ್ಟಿದ್ದೇವೆ ಎಂಬ ಚಿಂತೆ ಹತ್ತುತ್ತದೆ. ಹೆದರಬೇಡಿ, ನಿಮ್ಮ ಗದ್ದೆ ಕೇಳಲು ನಾನು ಬಂದವನಲ್ಲ. ನಮ್ಮ ಸೀಮೆಯಲ್ಲಿ ಆ ಹಂಚಿಕೆ ಒಂದು ಸಲ ಆಗಿಹೋಗಿದೆ. ಡಿಕ್ಲರೇಶನ್ ಹಾಕಿ ಭೂಮಿ ಪಡೆದ ಮನೆಯವರು ಇಲ್ಲಿದ್ದೀರಿ, ಅದರಲ್ಲೇ ಭೂಮಿ ಕಳೆದುಕೊಂಡ ಮನೆಯವರೂ ಇದ್ದೀರಿ. ಇವತ್ತು ಇಬ್ಬರ ಸಾಲವೂ ಒಂದೇ ಸೊಸೈಟಿಯಲ್ಲಿದೆ. ನನ್ನ ಮಾತು ಶುರುವಾಗುವುದು ಅಲ್ಲಿಂದ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಅದಕ್ಕೆ ಮುಂಚೆ ಚಾಲಗೇಣಿ ಒಕ್ಕಲು ಬೆಳೆದ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕುತ್ತಿದ್ದ. ಏಳನೇ ನಂಬ್ರದ ಫಾರ್ಮು ಭರ್ತಿ ಮಾಡಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ಅವನು ಒಡೆಯನಾದ. ಆ ಮಂಡಳಿಯೊಳಗೆ ಮೊದಲು ವಕೀಲರಿಗೆ ಪ್ರವೇಶವೇ ಇರಲಿಲ್ಲ; ಇಂಥ ಕಾನೂನು ಇನ್ನೊಂದು ಬಂದರೆ ನಮ್ಮ ಎಷ್ಟೋ ತಗಾದೆ ಬೇಗ ಮುಗಿದಾವು! ಬಂದೂಕು ಹಿಡಿಯದೆ, ಮತದಿಂದ, ಶಾಸನದಿಂದ ಸಂಪತ್ತು ಹಂಚುವುದಕ್ಕೆ ಸಾಮಾಜಿಕ ಪ್ರಜಾಸತ್ತೆ ಎಂದು ಹೆಸರು. ಪುಸ್ತಕ ಓದದೆಯೇ ನಾವು ಅದನ್ನು ಕಂಡವರು.

ಅದರಲ್ಲಿ ಅನ್ಯಾಯವೂ ಆಯಿತು, ಮುಚ್ಚಿಡುವುದು ಬೇಡ. ವಿನಾಯಿತಿ ಇದ್ದದ್ದು ಸೈನಿಕರಿಗೆ, ನಾವಿಕರಿಗೆ. ಎರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಗಂಜಿ ಕಾಣುತ್ತಿದ್ದ ವಿಧವೆಗೆ ವಿನಾಯಿತಿ ಇರಲಿಲ್ಲ. ಇನ್ನು "ಉಳುವವನೇ ಹೊಲದೊಡೆಯ" ಎಂದೆವಲ್ಲ, ಆ "ಉಳುವವ" ಯಾರು? ಕಾಗದದ ಮೇಲೆ ಗೇಣಿದಾರ. ನೇಗಿಲ ಹಿಂದೆ ನಡೆದ ಆಳಿಗೆ, ನಟ್ಟಿ ನೆಟ್ಟ ಹೆಂಗಸಿಗೆ ಹೆಚ್ಚೆಂದರೆ ಕೂತ ಮನೆಯಡಿ ಸಿಕ್ಕಿತು. ಧಣಿಯ ಅಂಗಳದಲ್ಲಿ ತಲೆ ತಗ್ಗಿಸಿದ್ದ ಒಕ್ಕಲೇ ಆಮೇಲೆ ಆಳಿನ ಮುಂದೆ ಧಣಿಯಾದದ್ದೂ ಉಂಟು.

ಭೂಮಿ ಸಿಕ್ಕಿದ ಮೇಲೆ ಎಂತ ಸಿಕ್ತ್, ಹೇಳಿ ಕಾಂಬ? ಘಟ್ಟದ ಆಚೆ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹವಾಯಿತು; ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅದರಲ್ಲಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿ ಜಗಳ ಎದ್ದದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು, ಅಷ್ಟೆ! ಇವತ್ತು ಧಣಿಯ ಕೊಳಗ ಇಲ್ಲ, ಬೆಲೆ ಎಂಬ ಕೊಳಗ ಇದೆ. 2025-26ರ ಹಂಗಾಮಿಗೆ ಸಾಧಾರಣ ಭತ್ತಕ್ಕೆ ಕ್ವಿಂಟಾಲಿಗೆ 2369 ರೂಪಾಯಿ ಬೆಂಬಲ ಬೆಲೆ ಎಂದು ಕೇಂದ್ರ ಸರಕಾರ ಘೋಷಿಸಿತು. ನಮ್ಮ ಕಾರ್ತಿ ಬೆಳೆ ಅಕ್ಟೋಬರ್, ನವೆಂಬರಿಗೆ ಕೊಯ್ಲಾಗುತ್ತದೆ. ಖರೀದಿ ಕೇಂದ್ರ ಬಾಗಿಲು ತೆಗೆಯುವ ಹೊತ್ತಿಗೆ ಸಣ್ಣವನ ಭತ್ತ ಗದ್ದೆಯಿಂದಲೇ ಮಿಲ್ಲಿಗೆ ಹೋಗಿರುತ್ತದೆ. ಒಣಗಿಸಲು ಬಿಸಿಲಿಲ್ಲ, ಇಡಲು ಜಾಗವಿಲ್ಲ, ಕಟಾವು ಯಂತ್ರದ ಬಾಡಿಗೆ ಕೊಡಬೇಕು. ಅವನು ಕಾಯುವುದು ಹೇಗೆ? ಬೆಲೆ ಇಲ್ಲದಲ್ಲಿ ಸಾಲ, ಸಾಲ ತೀರದಲ್ಲಿ ಗದ್ದೆ ಮಾರಾಟ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದ ಮೇಲೆ ಕೃಷಿಕನಲ್ಲದವನೂ ನಮ್ಮ ಗದ್ದೆ ಕೊಳ್ಳಬಹುದು. ಡಿಕ್ಲರೇಶನ್‌ನಲ್ಲಿ ಬಂದದ್ದು ಲೇಔಟಿನಲ್ಲಿ ಹೋಗುತ್ತದೆ.

ಇದಕ್ಕೆ ಮಾರ್ಕ್ಸ್‌ವಾದಿಗಳು ಏನೆನ್ನುತ್ತಾರೆ? ಎಂಗೆಲ್ಸ್ 1894ರಲ್ಲಿ ಬರೆದದ್ದಿದೆ: ಸಣ್ಣ ರೈತನ ಭೂಮಿಯನ್ನು ಬಲಾತ್ಕಾರದಿಂದ ಕಸಿಯಬಾರದು, ಸಹಕಾರಿ ಬೇಸಾಯವನ್ನು ಮಾಡಿ ತೋರಿಸಿ ಒಲಿಸಬೇಕು, ಆದರೆ ಅವನ ಸಣ್ಣ ಹಿಡುವಳಿ ಬಂಡವಾಳದ ಮುಂದೆ ಉಳಿಯುತ್ತದೆಂದು ಸುಳ್ಳು ಭರವಸೆ ಕೊಡಲೂಬಾರದು. ಎರಡನೆಯ ಮಾತು ಕಹಿ, ಆದರೂ ಸುಳ್ಳೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಮೊದಲನೆಯದನ್ನು ಸ್ಟಾಲಿನ್ ಕಾಲಡಿ ಹಾಕಿದ. 1929ರಿಂದ ಬಲಾತ್ಕಾರದ ಸಾಮೂಹಿಕ ಬೇಸಾಯ, 1932-33ರಲ್ಲಿ ಉಕ್ರೇನಿನಂಥ ಗೋಧಿಯ ನಾಡಿನಲ್ಲೇ ಬರಗಾಲ, ಲಕ್ಷಗಟ್ಟಲೆ ಸಾವು. ಸಹಕಾರದ ಮಾತಿಗೆ ಬಂದರೆ, ಇದೇ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಕಳೆಯಿತು. ಕಬ್ಬಿಗೆ ಬೇಕಿದ್ದ ವಾರಾಹಿ ನೀರು ಹೊತ್ತಿಗೆ ಬರಲಿಲ್ಲ. ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಸ್ವೀಡನ್ ದೇಶದ್ದು. 1933ರಲ್ಲಿ ಅಲ್ಲಿ ಬೆಣ್ಣೆಯ ಬೆಲೆ ಬಿದ್ದಿತ್ತು, ಪೇಟೆಯಲ್ಲಿ ಕೆಲಸವಿರಲಿಲ್ಲ. ಆಳುತ್ತಿದ್ದ ಕಾರ್ಮಿಕರ ಪಕ್ಷ, ಸೋಶಿಯಲ್ ಡೆಮಾಕ್ರಾಟರು, ಅಗ್ಗದ ಆಹಾರವೇ ಬೇಕೆಂಬ ಹಟ ಬಿಟ್ಟು ರೈತನ ಹಾಲು ಬೆಣ್ಣೆಗೆ ಬೆಲೆಯ ರಕ್ಷಣೆ ಕೊಟ್ಟರು. ರೈತರ ಪಕ್ಷ ಪ್ರತಿಯಾಗಿ, ನಿರುದ್ಯೋಗಿಗಳಿಗೆ ಸರಿಯಾದ ಕೂಲಿಯ ಸರಕಾರಿ ಕೆಲಸಕ್ಕೆ ಕೈ ಎತ್ತಿತು. ಜನ ಅದಕ್ಕೆ ದನದ ವ್ಯಾಪಾರ ಎಂದು ಹೆಸರಿಟ್ಟು ನಕ್ಕರು. ನಗಲಿ, ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ದನದ ಬೆಲೆ ಕುದುರಿಸಿದ ನಾಡಿನವರಿಗೆ ಇದು ಅರ್ಥವಾಗದ್ದಲ್ಲ. ಕೊಡುವವನೂ ತಕ್ಕೊಳ್ಳುವವನೂ ಇಬ್ಬರೂ ಉಳಿಯಬೇಕು.

ನಮ್ಮಲ್ಲಿ ಆ ವ್ಯಾಪಾರ ಯಾರೊಡನೆ? 2013ರಲ್ಲಿ ಅನ್ನಭಾಗ್ಯ ಬಂದಂದಿನಿಂದ "ಬಿಟ್ಟಿ ಅಕ್ಕಿ ಕೊಟ್ಟು ಆಳುಗಳನ್ನು ಹಾಳು ಮಾಡಿದರು ಮಾರಾಯ್ರೆ" ಎಂಬ ದೂರು ಎಲ್ಲ ಜಗಲಿಯಲ್ಲೂ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಹಸಿವಿಗೆ ಹೆದರಿ ಬರುವ ಆಳನ್ನು ಬಯಸುವವನಿಗೂ ಹಳೇ ಧಣಿಗೂ ಏನು ಅಂತರ? ನಾವು ಕೇಳಬೇಕಾದ ಪ್ರಶ್ನೆ ಬೇರೆ: ಆ ಅಕ್ಕಿ ಯಾರ ಗದ್ದೆಯದು? ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸು, ಬೀಡಿ ಕಟ್ಟುವವಳು, ಹೆಂಚಿನ ಕಾರ್ಖಾನೆಯಲ್ಲಿ ದುಡಿದವನು, ಎಲ್ಲರ ಮನೆಯಲ್ಲೂ ಬೇಯುವುದು ಕುಚಲಕ್ಕಿ. ರೇಷನ್ನಿನಲ್ಲಿ ಬರುವ ಹೊರಗಿನ ಬೆಳ್ತಿಗೆ ಅಕ್ಕಿಯನ್ನು ಎಷ್ಟೋ ಮನೆಯವರು ಮಾರಿ ಕುಚಲಕ್ಕಿ ತರುತ್ತಾರೆ. ನಮ್ಮ ಎಂ.ಓ.4 ಭತ್ತವನ್ನು ಕೊಯ್ಲಿನ ಹೊತ್ತಿಗೇ ಸರಕಾರ ಕೊಳ್ಳಲಿ, ಇಲ್ಲಿಯ ಮಿಲ್ಲಿನಲ್ಲಿ ಕುಚ್ಚಿಸಿ ಇಲ್ಲಿಯ ರೇಷನ್ ಅಂಗಡಿಗೇ ಕೊಡಲಿ. ಬೇಡಿಕೆ ಹೊಸತಲ್ಲ. ಹಿಂದೆಲ್ಲ ಅದನ್ನು ರೈತರ ಮನವಿಯೆಂದು ಒಯ್ದೆವು, ಕೂಲಿಕಾರರ ಸಹಿ ಕೇಳಲೇ ಇಲ್ಲ.

ಈಗ ನಿಮ್ಮ ಮುಂದಿರುವ ಠರಾವಿನಲ್ಲಿ ಬೆಂಬಲ ಬೆಲೆಯ ಮಾತಿದೆ, ಸಾಲ ಮನ್ನಾದ ಮಾತಿದೆ, ಕೂಲಿಯ ಮಾತಿಲ್ಲ. ಭತ್ತದ ಬೆಲೆ ಏರಿದಷ್ಟು ನಟ್ಟಿ, ಕೊಯ್ಲಿನ ಕೂಲಿಯನ್ನೂ ಏರಿಸುತ್ತೇವೆ ಎಂಬ ಒಂದು ಸಾಲು ಅದರಲ್ಲಿ ಸೇರಲಿ. ಬೀಡಿ, ಗೇರುಬೀಜ ಕಾರ್ಮಿಕರ ಸಂಘದವರನ್ನು ಕರೆಸಿ ಓದಿ ಹೇಳಿ, ಅವರ ಸಹಿಯನ್ನೂ ಹಾಕಿಸಿಕೊಂಡು ತಾಲೂಕು ಕಚೇರಿಗೆ ಹೋಗೋಣ. ಆ ಸಾಲಿಗೆ ಯಾರದಾದರೂ ತಕರಾರು ಇದ್ದರೆ ಇಲ್ಲೇ ಎದ್ದು ನಿಂತು ಹೇಳಿ, ನಾನು ಕೂತು ಕೇಳುತ್ತೇನೆ.