ನೆನಪಿಲ್ಲದ ದಿನಗಳ ಋಣ

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಆಸ್ಪತ್ರೆಯಲ್ಲಿ ನಡೆದ ಸಭೆಯಲ್ಲಿ, ತಲೆಪೆಟ್ಟಿನಿಂದ ಚೇತರಿಸಿಕೊಂಡ ದರ್ಜಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ. ಹೊಲಿಗೆ ನನ್ನ ಉದ್ಯೋಗ. ಮೂವತ್ತು ವರ್ಷ ಅಂಗಿ, ಜುಬ್ಬ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದವನು. ಆರು ವರ್ಷದ ಹಿಂದೆ ಸಂತೆಯಿಂದ ಸೈಕಲ್ ಮೇಲೆ ಬರುವಾಗ ಹಿಂದಿನಿಂದ ವಾಹನವೊಂದು ಬಡಿದು ತಲೆಗೆ ಪೆಟ್ಟಾಯಿತು. ದೊಡ್ಡ ಊರಿನಲ್ಲಿ ಆಪರೇಷನ್ ಆಗಿ, ಅಲ್ಲಿಂದ ಇಲ್ಲಿಗೆ ಕರೆತಂದರು. ಇದಿಷ್ಟೂ ಬೇರೆಯವರು ಹೇಳಿ ನನಗೆ ಗೊತ್ತಾದದ್ದು. ನನ್ನ ಸ್ವಂತ ನೆನಪು ಕೇಳಿದರೆ, ಸಂತೆಯಲ್ಲಿ ಗುಂಡಿ ಮತ್ತು ದಾರ ಕೊಂಡದ್ದು ಒಂದು. ಅದರ ಮುಂದಿನದು ನಮ್ಮ ಮನೆಯ ಪಡಸಾಲೆಯ ಕಂಬ. ಇವೆರಡರ ನಡುವೆ 38 ದಿನ ಕಳೆದಿದ್ದವು.

ಅಷ್ಟೂ ದಿನ ನಾನು ಎಚ್ಚರವಿಲ್ಲದೆ ಮಲಗಿದ್ದೆ ಎಂದು ತಿಳಿಯಬೇಡಿ. ಒಂಬತ್ತನೆಯ ದಿನ ಕಣ್ಣು ಬಿಟ್ಟೆನಂತೆ. ಆಮೇಲೆ ಗಂಜಿ ಕುಡಿದೆನಂತೆ, ಮಾತಾಡಿದೆನಂತೆ, ನೋಡಲು ಬಂದವರಿಗೆ ಕೈಮುಗಿದೆನಂತೆ. ಒಂದೂ ಒಳಗೆ ಉಳಿಯಲಿಲ್ಲ. ತಲೆಗೆ ಜೋರು ಪೆಟ್ಟು ಬಿದ್ದಾಗ ಮಿದುಳು ಕೆಲವು ದಿನ, ಕೆಲವರಲ್ಲಿ ಹಲವು ವಾರ, ಹೊಸದನ್ನು ದಾಖಲು ಮಾಡಿಕೊಳ್ಳುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಆ ನೆನಪು ಎಲ್ಲೋ ಮೂಲೆಯಲ್ಲಿ ಅಡಗಿ ಕುಳಿತಿಲ್ಲ. ಅದನ್ನು ಬರೆದಿಟ್ಟುಕೊಂಡೇ ಇಲ್ಲ.

ಇದರಿಂದ ಒಂದು ತೊಡಕು ಹುಟ್ಟುತ್ತದೆ. ಕಾಲು ಮುರಿದವನಿಗೆ ತನ್ನನ್ನು ಯಾರು ಎತ್ತಿ ಕೂಡಿಸಿದರು, ಯಾರು ರಾತ್ರಿಯೆಲ್ಲ ಎದ್ದಿದ್ದರು ಎಂಬುದು ಗೊತ್ತಿರುತ್ತದೆ. ತಲೆಗೆ ಪೆಟ್ಟಾದವನಿಗೆ ತಾನು ಎಲ್ಲಕ್ಕಿಂತ ಹೆಚ್ಚು ಸೇವೆ ಪಡೆದ ದಿನಗಳೇ ಗೊತ್ತಿಲ್ಲ. ಮನೆಗೆ ಬಂದಾಗ ಅವನ ಲೆಕ್ಕ ಹೀಗಿರುತ್ತದೆ: "ನನಗೇನಾಗಿದೆ? ಚೆನ್ನಾಗೇ ಇದ್ದೇನೆ. ಇವರು ಯಾಕೆ ಕೂಸಿನ ಹಾಗೆ ಕಾಯುತ್ತಾರೆ?" ಮನೆಯವರ ಲೆಕ್ಕ ಬೇರೆ: "ಇಷ್ಟೆಲ್ಲ ಮಾಡಿದೆವು, ಒಂದು ಒಳ್ಳೆಯ ಮಾತಿಲ್ಲ." ಇಬ್ಬರ ಲೆಕ್ಕವೂ ಸುಳ್ಳಲ್ಲ. ಆದರೆ ಈ ಎರಡು ಲೆಕ್ಕ ತಾಳೆಯಾಗದೆ ಎಷ್ಟೋ ಮನೆಗಳಲ್ಲಿ ಮಾತುಕತೆಯೇ ನಿಂತುಹೋಗುತ್ತದೆ.

ನಮ್ಮ ಮನೆಯಲ್ಲಿ ಹಾಗಾಗದಂತೆ ತಡೆದದ್ದು ಒಂದು ನೋಟ್‌ಬುಕ್ಕು. ಆಗ ಪಿಯುಸಿ ಓದುತ್ತಿದ್ದ ನನ್ನ ಮಗಳು ಆಸ್ಪತ್ರೆಗೆ ಬರುವಾಗ ಕೈಗೆ ಸಿಕ್ಕಿದ ನನ್ನ ಅಳತೆ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಎದೆ 38, ಸೊಂಟ 34 ಎಂದು ನಾನು ಬರೆದಿದ್ದ ಪುಟಗಳ ಹಿಂಬದಿಯಲ್ಲಿ ದಿನಕ್ಕೆ ನಾಲ್ಕೈದು ಸಾಲು ಬರೆದಳು. ಮೊದಲ ದಿನದ್ದು ಹೀಗಿದೆ: "ಡಾಕ್ಟರು ಏಳು ಅಂದರು. ಅವ್ವ ಹತ್ತಕ್ಕೆ ಏಳು ಅಂತ ತಿಳಕೊಂಡು ಎರಡು ತುತ್ತು ಉಂಡಳು."

ಆ ಏಳು ಹತ್ತಕ್ಕಲ್ಲ. ಗ್ಲಾಸ್ಗೋ ಎಂಬ ಊರಿನ ಇಬ್ಬರು ಡಾಕ್ಟರು 1974ರಲ್ಲಿ ಹಾಕಿಕೊಟ್ಟ ಅಳತೆ ಅದು. ರೋಗಿ ಕಣ್ಣು ತೆರೆಯುತ್ತಾನೆಯೇ, ಮಾತಾಡುತ್ತಾನೆಯೇ, ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ ಅಂಕ ಕೊಡುತ್ತಾರೆ. ಪೂರ್ತಿ ಎಚ್ಚರ ಇದ್ದವನಿಗೆ 15, ಏನೂ ಇಲ್ಲದವನಿಗೂ 3. ಎಂಟು ಅಥವಾ ಅದಕ್ಕೂ ಕಡಿಮೆ ಎಂದರೆ ಪೆಟ್ಟು ಭಾರಿ ಎಂದರ್ಥ. ಈ ವಿಷಯ ನಮ್ಮ ಮನೆಯವರಿಗೆ ಆ ದಿನ ಗೊತ್ತಿಲ್ಲದಿದ್ದುದೇ ಒಳ್ಳೆಯದಾಯಿತು. ಎರಡು ತುತ್ತಾದರೂ ಹೊಟ್ಟೆಗೆ ಹೋಯಿತು.

ಇನ್ನೂ ಕೆಲವು ಸಾಲು ಕೇಳಿ. "ಪಕ್ಕದ ಮಂಚದ ಅಜ್ಜನ ಮಗ ರಾತ್ರಿ ಎರಡು ತಾಸು ಅಪ್ಪನ ಹತ್ತಿರ ಕೂತರು, ಅವ್ವ ಮಲಗಿದಳು." "ಆಯಾ ಅಕ್ಕ ಅಪ್ಪನ ಉಗುರು ತೆಗೆದರು." "ನಾನು ದಾಸೋಹದಲ್ಲಿ ಊಟ ಮಾಡಿ ಬಂದೆ. ಅವ್ವ ಅಪ್ಪನ್ನ ಬಿಟ್ಟು ಬರಲಿಲ್ಲ." "ಅವ್ವನ ಚಪ್ಪಲಿ ಹರಿದಿದೆ." ಇಪ್ಪತ್ತೆರಡನೆಯ ದಿನದ್ದು: "ಅಪ್ಪ ಅವ್ವನಿಗೆ ನೀ ಯಾರು ಅಂದ. ಅವ್ವ ನಕ್ಕಳು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತಿಗೆ ಬಂದಳು."

ಇದನ್ನು ನಾನು ಓದಿದ್ದು ಮೂರು ತಿಂಗಳ ಮೇಲೆ. ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಓದಲು ತಲೆ ಒಪ್ಪುತ್ತಿರಲಿಲ್ಲ. ಓದಿದ್ದು ನನಗೆ ಆದದ್ದು ಎಂದು ಅನಿಸಲೂ ಇಲ್ಲ, ಯಾರದೋ ಕಥೆಯಂತಿತ್ತು. ಆದರೆ ಆ ಚಪ್ಪಲಿಯ ಸಾಲು ಓದಿದ ದಿನ ಎದ್ದು ಹೋಗಿ ಬಾಗಿಲಲ್ಲಿ ನೋಡಿದೆ. ಅದೇ ಚಪ್ಪಲಿ, ದಾರದಿಂದ ಹೊಲಿದದ್ದು ಇತ್ತು. ನೆನಪಿಲ್ಲದಿದ್ದರೂ ಋಣ ಇದೆ ಎಂದು ನನಗೆ ತಿಳಿದದ್ದು ಅಲ್ಲಿ.

ಊರಿನವರು ಇದನ್ನು ಪುನರ್ಜನ್ಮ ಅನ್ನುತ್ತಾರೆ. ನನಗೆ ಆ ಮಾತು ಅಷ್ಟಾಗಿ ಹಿಡಿಸದು. ಹೊಸ ಜನ್ಮವಾಗಿದ್ದರೆ ಹಳೆಯ ಸಾಲ ಇರಬಾರದಿತ್ತು. ಬಟ್ಟೆ ಅಂಗಡಿಯ ಬಾಕಿ ಹಾಗೇ ಇತ್ತು!

ಕೆಲಸಕ್ಕೆ ಕುಳಿತಾಗ ಮತ್ತೊಂದು ತಿಳಿಯಿತು. ಮಷೀನಿನ ಮುಂದೆ ಕೂತರೆ ಕಾಲು ತಾನಾಗಿ ತುಳಿಯಿತು, ಹೊಲಿಗೆ ನೆಟ್ಟಗೆ ಬಂತು. ಬಟ್ಟೆ ಕತ್ತರಿಸಲು ಮಾತ್ರ ಆಗಲಿಲ್ಲ. ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಮೊದಲು ಬೆನ್ನೋ ತೋಳೋ ಎಂದು ತಿಳಿಯದೆ ನಿಂತುಬಿಡುತ್ತಿದ್ದೆ. ಬಹಳ ವರ್ಷ ಮಾಡಿ ಕೈಗೆ ಹತ್ತಿದ ಕೆಲಸ ಪೆಟ್ಟಾದ ಮೇಲೂ ಅನೇಕರಲ್ಲಿ ಉಳಿಯುತ್ತದೆಯಂತೆ. ಮುಂದಿನದನ್ನು ಯೋಚಿಸಿ, ಒಂದಾದ ಮೇಲೊಂದು ಜೋಡಿಸುವ ಶಕ್ತಿ ಹಣೆಯ ಹಿಂದಿನ ಭಾಗದ್ದು. ಅದು ನಿಧಾನವಾಗಿ ತಿರುಗಿ ಬರುತ್ತದೆ. ಒಂದೂವರೆ ವರ್ಷ ನನ್ನ ತಮ್ಮ ಕತ್ತರಿಸಿದ, ನಾನು ಹೊಲಿದೆ. ಕತ್ತರಿಸುವ ಕ್ರಮವನ್ನು ಅವನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ. ಇವತ್ತು ಅಂಗಿ ನಾನೇ ಕತ್ತರಿಸುತ್ತೇನೆ. ಕೋಟು ಇನ್ನೂ ಅವನೇ. ಆರು ತಿಂಗಳಲ್ಲಿ ಬಾರದ್ದು ಇನ್ನು ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ತಿಂಗಳುಗಳ ವೇಗ ಆಮೇಲೆ ಇರುವುದಿಲ್ಲ ಅಷ್ಟೇ. ವರ್ಷ, ಎರಡು ವರ್ಷ ಕಳೆದ ಮೇಲೂ ಸುಧಾರಣೆ ಕಂಡವರಿದ್ದಾರೆ.

ವಾಸನೆ ಮಾತ್ರ ತಿರುಗಿ ಬರಲಿಲ್ಲ. ಮೂಗಿನ ಮೇಲೆ ಜರಡಿಯಂಥ ತೆಳು ಎಲುಬಿದೆ. ಅದರ ತೂತುಗಳಿಂದ ಹೋಗುವ ಸಣ್ಣ ನರಗಳು ತಲೆ ಕುಲುಕಿದಾಗ ಹರಿದುಹೋಗಬಹುದು. ಮೊದಲ ಮಳೆಗೆ ನೆಲ ನೆನೆದರೆ ಎಲ್ಲರೂ "ಆಹಾ" ಅನ್ನುತ್ತಾರೆ, ನಾನು ಸುಮ್ಮನೆ ನೋಡುತ್ತೇನೆ. ಹಂಚಿನ ಮೇಲಿನ ರೊಟ್ಟಿಗೂ ನನ್ನ ಮಟ್ಟಿಗೆ ವಾಸನೆಯಿಲ್ಲ. ದುಃಖಕ್ಕಿಂತ ಎಚ್ಚರ ಮುಖ್ಯ: ಇಂಥವರಿಗೆ ಗ್ಯಾಸ್ ಸೋರಿದ್ದು, ಸಾರು ಹಳಸಿದ್ದು ಗೊತ್ತಾಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ನೋಡಿ ಹೇಳಬೇಕು.

ಈಗ ಜೊತೆಗಿರುವ ಬಂಧುಗಳಿಗೆ ಎರಡು ಮಾತು. ನಿಮ್ಮವರು ಸಿಟ್ಟು ಮಾಡುತ್ತಾರೆ. ಎಂದೂ ಬೈಯದವರು ಬೈಯುತ್ತಾರೆ. ಸಿಟ್ಟಿಗೆ ಕಡಿವಾಣ ಹಾಕುವ ಜಾಗಕ್ಕೇ ಪೆಟ್ಟು ಬಿದ್ದಿರುತ್ತದೆ. ದಣಿವು ಅದಕ್ಕೆ ಇನ್ನಷ್ಟು ಬೆಂಕಿ ಹಾಕುತ್ತದೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗದಷ್ಟು. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಅದೇ ತಿನ್ನುತ್ತದೆ. ಪೆಟ್ಟಾದ ಮಿದುಳು ಸಣ್ಣ ಕೆಲಸಕ್ಕೂ ಬಹಳ ಬಳಲುತ್ತದೆ. ಹತ್ತು ಜನ ಒಟ್ಟಿಗೆ ಮಾತಾಡುವುದು, ಟಿವಿ ಸದ್ದು, ಮದುವೆ ಮನೆಯ ಮೈಕು, ಇವೆಲ್ಲ ಅವರಿಗೆ ಮೂಟೆ ಹೊತ್ತಂತೆ. ನನ್ನ ದನಿ ಏರಿತೆಂದರೆ ನಮ್ಮ ಮನೆಯವರು ವಾದಕ್ಕೆ ನಿಲ್ಲುತ್ತಿರಲಿಲ್ಲ. ರೇಡಿಯೋ ಬಂದ್ ಮಾಡಿ, "ಒಂದ್ ಸ್ವಲ್ಪ ಅಡ್ಡ ಆಗ್ರೀ, ಆಮ್ಯಾಲೆ ಜಗಳಾ ಮಾಡೂಣು" ಅನ್ನುತ್ತಿದ್ದರು. ಅರ್ಧ ತಾಸು ಮಲಗಿ ಎದ್ದರೆ ಜಗಳ ಯಾವುದಕ್ಕೆ ಎಂಬುದೇ ನೆನಪಿರುತ್ತಿರಲಿಲ್ಲ. ಮರೆವಿನಿಂದ ಅಷ್ಟಾದರೂ ಲಾಭ.

ತಾವು ಮನೆಯಲ್ಲೇ ಇದ್ದೇವೆ, ಸಂತೆಯಲ್ಲಿದ್ದೇವೆ ಎಂದು ಅವರು ತಪ್ಪು ಹೇಳಿದರೆ ಗದರಿಸಬೇಡಿ, ನಗಬೇಡಿ. ಇಂಥ ವಾರ, ಇಂಥ ಊರು ಎಂದು ಮೆಲ್ಲಗೆ ಹೇಳಿ. ಕಣ್ಣಿಗೆ ಬೀಳುವಂತೆ ಕ್ಯಾಲೆಂಡರು, ಗಡಿಯಾರ ಇಡಿ. ಫಿಟ್ಸ್ ಮಾತ್ರೆಯನ್ನು "ಈಗ ಆರಾಮ ಇದ್ದಾರೆ" ಎಂದು ನೀವಾಗಿ ನಿಲ್ಲಿಸಬೇಡಿ. ಡಾಕ್ಟರು ಹೇಳುವವರೆಗೆ ಗಾಡಿ ಓಡಿಸುವುದು, ಏಣಿ ಹತ್ತುವುದು, ಬಾವಿಯಲ್ಲಿ ಈಜುವುದು ಬೇಡ. ಮದ್ಯವಂತೂ ಬೇಡವೇ ಬೇಡ. ಮನೆಗೆ ಹೋದ ಮೇಲೆ ತಲೆನೋವು ಏರುತ್ತಾ ಹೋದರೆ, ವಾಂತಿಯಾದರೆ, ವಿಪರೀತ ಮಂಪರು ಬಂದರೆ ಕಾಯದೆ ಕರೆತನ್ನಿ. ವಯಸ್ಸಾದವರಲ್ಲಿ ಸಣ್ಣ ಪೆಟ್ಟಿನ ಕೆಲವು ವಾರಗಳ ನಂತರವೂ ತಲೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಳ್ಳುವುದುಂಟು. ಮತ್ತೆ, ಕಾಯುವವರೂ ನಿದ್ದೆ ಮಾಡಬೇಕು. ಪಕ್ಕದ ಮಂಚದವರನ್ನು ಎರಡು ತಾಸು ಕೂರಲು ಕೇಳಿ, ನೀವೂ ಅವರಿಗೆ ಕೂರಿ.

ನೋಟ್‌ಬುಕ್ಕಿನಲ್ಲಿ ಇಲ್ಲದ ಒಬ್ಬರಿದ್ದಾರೆ. ರಸ್ತೆಯಲ್ಲಿ ಬಿದ್ದ ನನ್ನನ್ನು ನೋಡಿ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ತಲೆ ಅಲ್ಲಾಡದಂತೆ ಹಿಡಿದು ಕೂತವರು. ಹೆಸರು ಹೇಳದೆ ಹೋದರು. ಕಾನೂನಿನಲ್ಲಿ ಈಗ ಅದಕ್ಕೆ ಅವಕಾಶವಿದೆ. ಸಹಾಯ ಮಾಡಿದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಆ ರಕ್ಷಣೆ 134ಎ ಕಲಮಾಗಿ ಸೇರಿತು. ಅವರಿಗೆ ಒಂದು ಅಂಗಿ ಹೊಲಿದು ಕೊಡೋಣವೆಂದರೆ ಅಳತೆ ಗೊತ್ತಿಲ್ಲ. ಅದಕ್ಕೇ ನಮ್ಮೂರ ರಸ್ತೆಯಲ್ಲಿ ಯಾರು ಬಿದ್ದರೂ ಅಂಗಡಿ ಬಿಟ್ಟು ಓಡುತ್ತೇನೆ. ತಮ್ಮ ಬೈಯುತ್ತಾನೆ, ಗಿರಾಕಿ ನಿಂತಿರುತ್ತಾರೆ.

ಮನೆಯವರಿಗೆ ಹೊಸ ಚಪ್ಪಲಿ ತಂದುಕೊಟ್ಟೆ. ಅವರು ಅದನ್ನು ಹಬ್ಬಕ್ಕೆಂದು ಎತ್ತಿಟ್ಟು, ಹೊಲಿದದ್ದನ್ನೇ ಮೆಟ್ಟಿಕೊಂಡು ತಿರುಗಿದರು. ಈ ವಿಷಯದಲ್ಲಿ ಯಾವ ಡಾಕ್ಟರೂ ಏನೂ ಮಾಡಲಾರರು.

ಇವತ್ತು ಬರುವಾಗ ಇಪ್ಪತ್ತು ನೋಟ್‌ಬುಕ್ಕು ತಂದಿದ್ದೇನೆ. ತಲೆಪೆಟ್ಟಿನ ರೋಗಿಗಳ ಜೊತೆಗಿರುವವರು ಒಂದೊಂದು ತೆಗೆದುಕೊಳ್ಳಿ. ಓದು ಬರದವರು ನರ್ಸಮ್ಮನವರಿಂದಲೋ ಪಕ್ಕದವರಿಂದಲೋ ಬರೆಸಿ. ದೊಡ್ಡ ವಿಷಯವೇ ಬೇಕೆಂದಿಲ್ಲ: ಇವತ್ತು ಯಾರು ಬಂದರು, ಏನು ತಿನ್ನಿಸಿದಿರಿ, ಯಾರು ನೀರು ತಂದುಕೊಟ್ಟರು. ತಾರೀಖು ಹಾಕುವುದನ್ನು ಮರೆಯಬೇಡಿ. ಪೆನ್ನು ಮಾತ್ರ ನೀವೇ ನೋಡಿಕೊಳ್ಳಬೇಕು, ನಾನು ತಂದಿಲ್ಲ.